ಹತ್ತಲ್ಲ, ಹನ್ನೆರಡು

ಶಾಹಬಾಜನನ್ನು ಮತ್ತೆ ತನ್ನ ಪಕ್ಕಕ್ಕೆ ತಂದು ಕೂರಿಸಲು ದುರ್ಗೇಶನಿಗೆ ಒಂದೇ ದಾರಿ ಕಾಣುತ್ತಿತ್ತು: ತನ್ನ ಪವರ್ ಸಪ್ಲೈ ಹತ್ತು ವೋಲ್ಟಲ್ಲ, ಹನ್ನೆರಡೇ ಕೊಡುತ್ತಿತ್ತು ಎಂದು ತೋರಿಸಿಕೊಡುವುದು.

ದುರ್ಗೇಶ ಒಂಬತ್ತನೇ ಇಯತ್ತೆಗೇ ಶಾಲೆಗೆ ಕೈಮುಗಿದವನು. ಹಾನಗಲ್ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಸವಣೂರಿನ ಶಾಹಬಾಜ ಹುಬ್ಬಳ್ಳಿ ಗುಜರಿಯಲ್ಲಿ ಹಳೆಯ ಮದರ್‌ಬೋರ್ಡ್ ಆರಿಸಿ ತರುವನು, ಇವನು ಅವಕ್ಕೆ ಜೀವ ತುಂಬುವನು. ಹಾಗೆ ಇಬ್ಬರೂ ಕೂಡಿ ಶಿಗ್ಗಾವಿಯ ಫೋಟೋ ಸ್ಟುಡಿಯೋಕ್ಕೊಂದು ಮಷೀನು ಕಟ್ಟಿಕೊಟ್ಟಿದ್ದರು. ಅದು ಕೆಲಸದ ನಡುವೆಯೇ ಆರಿಹೋಗತೊಡಗಿತು.

ಅಂಗಡಿಗೆ ತಂದು, ವೋಲ್ಟೇಜ್ ತೋರಿಸುವ ಪುಕ್ಕಟೆ ಪ್ರೋಗ್ರಾಮು ಹಾಕಿ ನೋಡಿದರೆ ಹನ್ನೆರಡಿರಬೇಕಾದಲ್ಲಿ ಹತ್ತು. ಸಪ್ಲೈ ದುರ್ಗೇಶ ಕೈಯಾರೆ ದುರಸ್ತಿ ಮಾಡಿದ್ದು. ಅವನು ಮೀಟರ್ ಹಿಡಿದ. ಅದು ಹನ್ನೆರಡು ತೋರಿಸಿತು. ಶಾಹಬಾಜ ನಕ್ಕ.

"ಮೀಟರೂ ನಿಂದ, ಸಪ್ಲೈನೂ ನಿಂದ. ನೀ ಸೇರಿ ಮೂರೂ ಮಂದಿ ಕೂಡಿ ಸುಳ್ಳ ಹೇಳಾಕತ್ತೀರಿ ಬಿಡಲೇ."

ಚೇಷ್ಟೆಯ ಮಾತು. ದುರ್ಗೇಶನ ನೆತ್ತಿಗೆ ಬೆಂಕಿ ಬಿತ್ತು. ಗುಜರಿ ಆರಿಸುವ ಮಂದಿಗೆ ವೋಲ್ಟೇಜೇನು ತಿಳಿಯುತ್ತದೆ ಎಂದುಬಿಟ್ಟ. ಶಾಹಬಾಜನ ಅಪ್ಪ ಕರೀಮಸಾಬ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು. ಅವರು ಎದ್ದು ಚಪ್ಪಲಿ ಮೆಟ್ಟಿದರು. ಹಿಂದೆಯೇ ಮಗನೂ ಹೋದ. ಆಮೇಲೆ ಫೋನು ಎತ್ತಲಿಲ್ಲ.

ಮಷೀನಿನ ರೋಗ ಬೇರೆಯೇ ಇತ್ತು: ಫ್ಯಾನಿನ ತುಂಬ ಧೂಳು ಕಟ್ಟಿ ಕಾದು ಆರುತ್ತಿತ್ತು. ಸ್ಟುಡಿಯೋದವರು ಅಷ್ಟರಲ್ಲಿ ಹೊಸದು ಕೊಂಡಿದ್ದರು, ಹಳೆಯದು ಅಂಗಡಿಯಲ್ಲೇ ಉಳಿಯಿತು. ಆ ಹತ್ತು ಎಲ್ಲಿಂದ ಬಂತೆಂದು ಕೇಳುವವರು ಯಾರೂ ಇರಲಿಲ್ಲ, ದುರ್ಗೇಶನೊಬ್ಬನ ಹೊರತು.

ಬೋರ್ಡಿನಲ್ಲಿ ವೋಲ್ಟೇಜ್ ಅಳೆಯುವ ಚಿಪ್ಪಿಗೆ ಹನ್ನೆರಡನ್ನು ನೇರವಾಗಿ ತಾಳುವ ತಾಕತ್ತಿಲ್ಲ. ಎರಡು ರೆಸಿಸ್ಟರ್ ಹಾಕಿ ಅದನ್ನು ಒಂದರ ಆಸುಪಾಸಿಗೆ ಇಳಿಸಿರುತ್ತಾರೆ. ಚಿಪ್ಪು ಒಂದು ಎನ್ನುತ್ತದೆ. ಅದನ್ನು ಎಷ್ಟರಿಂದ ಗುಣಿಸಬೇಕೆಂಬ ಗುಟ್ಟು ಬೋರ್ಡಿನೊಳಗೇ ಬರೆದಿಟ್ಟ ಪ್ರೋಗ್ರಾಮಿನ, ಅಂದರೆ ಫರ್ಮ್‌ವೇರಿನ, ಹೊಟ್ಟೆಯಲ್ಲಿರುತ್ತದೆ. ಕಂಪನಿಯವರು ಅದನ್ನು ಯಾರಿಗೂ ಹೇಳಿರಲಿಲ್ಲ. ದುರ್ಗೇಶ ಅದು ಕೂತಿದ್ದ ಬೇರೊಂದು ಚಿಪ್ಪಿಗೆ ಕ್ಲಿಪ್ ಸಿಕ್ಕಿಸಿ ಇಡೀ ಫರ್ಮ್‌ವೇರನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡ. ಮಳೆಗಾಲವೆಲ್ಲ ಶಟರ್ ಅರ್ಧ ಇಳಿಸಿ, ಪ್ರೊಸೆಸರಿನ ಆಜ್ಞೆಗಳನ್ನು ಸಾಲುಸಾಲಾಗಿ ಓದಿದ. ಬಂದ ಗಿರಾಕಿಗಳ ಮೇಲೆ ಹರಿಹಾಯ್ದ, ಬರುವವರೂ ಕಡಿಮೆಯಾದರು. ಬುತ್ತಿ ತಂದ ಅವ್ವ ಚೌಡವ್ವ, ಒಬ್ಬನೇ ಕೂತು ಯಾರಿಗೆ ಬೈಯುತ್ತಿದ್ದೀ ಎಂದು ಕೇಳಿದಳು. ಶಾಹಬಾಜನಿಗೆ ಎಂದ. ಅವಳು ಖಾಲಿ ಸ್ಟೂಲನ್ನೊಮ್ಮೆ ನೋಡಿ ಡಬ್ಬಿ ಇಟ್ಟು ಹೋದಳು.

ಒಂದು ಮಧ್ಯಾಹ್ನ ಸಿಕ್ಕಿತು. ಚಿಪ್ಪನ್ನು ಕೇಳುವ ಸಾಲು, ಅದರ ಬೆನ್ನಿಗೇ ಗುಣಾಕಾರ: ಹನ್ನೆರಡರಿಂದ. ಪುಕ್ಕಟೆ ಪ್ರೋಗ್ರಾಮು ಬೇರೆ ಬೋರ್ಡುಗಳ ರೂಢಿಯಂತೆ ಹತ್ತರಿಂದ ಗುಣಿಸುತ್ತಿತ್ತು, ಅಷ್ಟೇ. ದುರ್ಗೇಶ ಮೇಜು ಗುದ್ದಿ ಎದ್ದು ನಿಂತ. ಹಿರೇಕೆರೂರು ಬಸ್ಸಿಗೆ ಕಾದವರು ತಿರುಗಿ ನೋಡಿದರು. ಅವರಿಗೆ ಏನೆಂದು ಹೇಳುವುದು? ಈ ನಾಲ್ಕು ತಾಲೂಕಿನಲ್ಲಿ ಇದು ತಿಳಿಯುವವನು ಒಬ್ಬನೇ. ಲ್ಯಾಪ್‌ಟಾಪ್ ಬಗಲಿಗೇರಿಸಿ ಸವಣೂರು ದಾರಿ ಹಿಡಿದ.

ಶಾಹಬಾಜ ಈಗ ಮೊಬೈಲ್ ಅಂಗಡಿ ಇಟ್ಟಿದ್ದ. ಗಿರಾಕಿಗಳ ಕುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ. ದುರ್ಗೇಶ ಒಂದೇ ಉಸಿರಿಗೆ ಎಲ್ಲ ಹೇಳಿದ. ಶಾಹಬಾಜ ಪರದೆಗೆ ಬಾಗಿ ಆ ಸಾಲುಗಳನ್ನು ನಿಧಾನವಾಗಿ ಓದಿದ. ಅವನಿಗೆ ತಿಳಿಯಿತೆಂದು ದುರ್ಗೇಶನಿಗೂ ತಿಳಿಯಿತು.

"ಖರೆ ಐತ್ರಿ," ಎಂದ ಶಾಹಬಾಜ. "ಸಪ್ಲೈ ಚಲೋನ ಇತ್ತು. ನಿಮ್ದೇನೂ ತಪ್ಪಿಲ್ರಿ."

ಒಂದೇ ತಾಟಿನಲ್ಲಿ ಉಂಡವರ ನಡುವೆ ಆ 'ರಿ' ಎಂದೂ ಸುಳಿದಿರಲಿಲ್ಲ. ದುರ್ಗೇಶ ಲ್ಯಾಪ್‌ಟಾಪ್ ಮುಚ್ಚಿದ.

"ಬೇಕಾದ್ರ ಬೈಯಲೇ. ಹಿಂಗ ರೀ ಹಚ್ಚಿ ಮಾತಾಡಬ್ಯಾಡ."

ಶಾಹಬಾಜ ಕಪ್ಪನ್ನು ಅವನತ್ತ ಸರಿಸಿದ.

"ಚಾ ಆರಾಕತ್ತೈತ್ರಿ. ಕುಡೀರಿ."