ಎಫ್ರಯಿಮ್ ಗಾರ್ಬಟ್‌ನ ಕಸುಬು

ಮೇವಿಸ್ ಹಿಡಿದ ಪಟ್ಟು ಬಿಡುವ ಹೆಂಗಸಲ್ಲ. ಹಲ್ ಪಟ್ಟಣದ ಸ್ಮಶಾನದಲ್ಲಿ ತಾತ ಅಮೋಸ್‌ನ ಗೋರಿಕಲ್ಲು ಒಂದು ಕಡೆಗೆ ವಾಲಿತ್ತು. ಅದನ್ನು ಎತ್ತಿ ನಿಲ್ಲಿಸುವಾಗ ತಾತನ ಅಪ್ಪ ಎಫ್ರಯಿಮ್‌ನ ಹೆಸರನ್ನೂ ಕೆತ್ತಿಸಬೇಕೆಂದು ಅವಳ ಆಸೆ. ಕಲ್ಲು ಕೆತ್ತುವವನು ನಾಳೆಯೇ ಬರುವವನಿದ್ದ. ಅಣ್ಣ ನಾರ್ಮನ್ ಮಾತ್ರ ಸುತರಾಂ ಒಪ್ಪಿರಲಿಲ್ಲ.

ಎಫ್ರಯಿಮ್ ಬೆಂಪ್ಟನ್ನಿನ ಕಡಲಬಂಡೆಯಿಂದ ಹಾರಿ ಪ್ರಾಣ ಕಳೆದುಕೊಂಡವನು, ಹೆಂಡತಿಯನ್ನೂ ಐದು ಮಕ್ಕಳನ್ನೂ ನಡುನೀರಿನಲ್ಲಿ ಕೈಬಿಟ್ಟವನು ಎಂದೇ ಮನೆಯವರೆಲ್ಲ ನಂಬಿದ್ದರು. ವಿಧವೆ ಮಕ್ಕಳನ್ನು ಕಟ್ಟಿಕೊಂಡು ಹಲ್‌ಗೆ ಬಂದಮೇಲೆ ಆ ಊರಿನ ಸುದ್ದಿಯನ್ನೇ ಎತ್ತಲಿಲ್ಲವಂತೆ. ತಾತ ಸಾಯುವ ಮುಂಚೆ, "ಅವನ ಹೆಸರು ನನ್ನ ಪಕ್ಕ ಬೇಡ" ಎಂದು ನಾರ್ಮನ್‌ನಿಂದ ಮಾತು ತೆಗೆದುಕೊಂಡಿದ್ದ. ಆಗ ನಾರ್ಮನ್ ಹದಿನಾರರ ಹುಡುಗ. ತಾತನೆಂದರೆ ಅವನಿಗೆ ಪಂಚಪ್ರಾಣ.

ಇವತ್ತು ಮೇವಿಸ್ ೧೮೯೧ರ ಜನಗಣತಿ ಹಾಳೆಯ ನಕಲೊಂದನ್ನು ತಂದು ಅಣ್ಣನ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು.

"ಏಪ್ರಿಲ್‌ನಲ್ಲಿ ಬರಕೊಂಡು ಹೋದದ್ದು. ಎಫ್ರಯಿಮ್ ಸತ್ತದ್ದು ಅದೇ ವರ್ಷ ಮೇ ತಿಂಗಳಲ್ಲಿ. ಕಸುಬು ಏನು ಬರೆದಿದಾರೆ, ಓದು ನೋಡೋಣ."

"ನಿಂಗೆ ಬೇರೆ ಕೆಲಸ ಇಲ್ವಾ, ಮಾರಾಯ್ತಿ?" ಎಂದ ನಾರ್ಮನ್. ಅಂದವನೇ ಎದ್ದು ಹೋಗಿ ಭೂತಗನ್ನಡಿ ಹುಡುಕಿ ತಂದ. ಕುತೂಹಲ ಯಾರನ್ನು ಬಿಟ್ಟೀತು!

ಕಸುಬಿನ ಪದದ ಮೇಲೆ ದಪ್ಪ ಪೆನ್ಸಿಲ್ ಗೀಟು ಹರಿದಿತ್ತು.

"ನೋಡು, ಹೊಡೆದು ಹಾಕಿದಾರೆ. ಕೆಲಸದಿಂದ ಕಿತ್ತಿರ್ತಾರೆ. ಅದಕ್ಕೇ ಹಾರಿದ."

"ಪಕ್ಕದ ಮನೆಯವರದ್ದು ನೋಡು. ಪಾದ್ರಿದು ನೋಡು. ಪಾದ್ರೀನೂ ಕಿತ್ತು ಹಾಕಿದ್ರಾ? ಲೆಕ್ಕದ ಗುಮಾಸ್ತ ಎಣಿಸ್ತಾ ಎಣಿಸ್ತಾ ಗೀಟು ಎಳಕೊಂಡು ಹೋಗಿದಾನೆ, ಅಷ್ಟೆ."

ನಾರ್ಮನ್ ಹೂಂಗುಟ್ಟಿದ. ಗೀಟಿನ ಕೆಳಗಿನ ಅಕ್ಷರಗಳೋ, ಕೋಳಿ ಕೆದರಿದ ಹಾಗಿದ್ದವು. ಹಿಟ್ಟಿನ ಗಿರಣಿಯವನು ಇರಬಹುದು ಎಂದ. ಗಿರಣಿಯವನಾಗಿದ್ದರೆ ಮನೆಯಲ್ಲಿ ಎರಡೇ ಕೋಣೆ ಯಾಕೆ ಎಂದು ಮೇವಿಸ್ ಬಾಯಿ ಮುಚ್ಚಿಸಿದಳು. ಪಕ್ಕದ ಮನೆಯ ಸಾಲಿನಲ್ಲಿದ್ದ ಕ್ಯಾಥರೀನ್ ಎಂಬ ಹೆಸರಿನ ಮೊದಲ ಅಕ್ಷರಕ್ಕೂ ಈ ಪದದ ಮೊದಲ ಅಕ್ಷರಕ್ಕೂ ಒಂದೇ ಕೊಕ್ಕೆ, ಒಂದೇ ಬಾಲ. ಅಲ್ಲಿಂದ ಹಿಡಿದು ಇಬ್ಬರೂ ಒಂದೊಂದೇ ಅಕ್ಷರ ಹೋಲಿಸುತ್ತ ಹೋದರು. ಟೀ ಆರುತ್ತಿದ್ದುದು ಯಾರಿಗೂ ನೆನಪಿರಲಿಲ್ಲ.

ಅರ್ಧ ಪದ ಕೂಡಿಬಂದಾಗ ನಾರ್ಮನ್‌ನ ಬೆರಳು ನಿಂತಿತು.

"ಕ್ಲಿಮ್ಮರ್," ಎಂದ ಮೆಲ್ಲಗೆ.

"ಹಾಗಂದ್ರೆ?"

"ಬಂಡೆ ಇಳಿಯೋನು. ನಾನು ಕೆಲಸಕ್ಕಿದ್ದ ಮೀನಿನ ಹಡಗಲ್ಲಿ ಬೆಂಪ್ಟನ್ ಕಡೆಯ ಮುದುಕ ಒಬ್ಬ ಇದ್ದ, ಅವನು ಹೇಳ್ತಿದ್ದ. ಮೇ ತಿಂಗಳಲ್ಲಿ ಕಡಲಹಕ್ಕಿಗಳು ಬಂಡೆ ಸಂದಿಲಿ ಮೊಟ್ಟೆ ಇಡ್ತವೆ. ಒಬ್ಬ ಹಗ್ಗ ಕಟ್ಟಿಕೊಂಡು ಇಳಿದು ಮೊಟ್ಟೆ ಆರಿಸ್ತಾನೆ. ಮೇಲಿದ್ದೋರು ಹಗ್ಗ ಹಿಡಿದಿರ್ತಾರೆ."

"ಮೇ ತಿಂಗಳು," ಎಂದಳು ಮೇವಿಸ್. ಅವಳ ಕಣ್ಣು ತುಂಬಿ ಬಂತು. "ಅವನು ಹಾರಲಿಲ್ಲ ಕಣೋ. ಹೊಟ್ಟೆಪಾಡಿಗೆ ಇಳಿದಿದ್ದ, ಬಿದ್ದ. ನಾವು ಸುಮ್ಸುಮ್ನೆ ಆ ಪುಣ್ಯಾತ್ಮನಿಗೆ ಶಾಪ ಹಾಕಿದ್ವಿ."

ಹಾಗಾದರೆ ಇದನ್ನು ಯಾರೂ ಯಾಕೆ ಹೇಳಲಿಲ್ಲ? ಅವಳ ಕಣ್ಣು ತಾನಾಗಿ ಮುಂದಿನ ಸಾಲಿಗೆ ಇಳಿಯಿತು. ಅಮೋಸ್, ಮಗ, ವಯಸ್ಸು ಹತ್ತೊಂಬತ್ತು. ಕಸುಬು, ಮೇಲಿನಂತೆ. ಏನೂ ಆಗದವಳ ಹಾಗೆ ಅಂಗೈಯನ್ನು ಆ ಸಾಲಿನ ಮೇಲಿಟ್ಟಳು.

"ಕೈ ತೆಗಿ," ಎಂದ ನಾರ್ಮನ್.

"ಟೀ ಕುಡಿ ಮೊದ್ಲು."

"ತೆಗಿಯೇ."

ತೆಗೆದಳು. ಅವನು ಓದಿದ. ಭೂತಗನ್ನಡಿ ಕೆಳಗಿಟ್ಟ.

"ಅಪ್ಪ ಮಗ ಬೇರೆ ಬೇರೆ ಹಗ್ಗಕ್ಕೆ ಹೋಗ್ತಾರಾ?" ಎಂದ. "ಅವತ್ತು ಹಗ್ಗ ತಾತನ ಕೈಲಿತ್ತು."

"ಕಲ್ಲಿಗೆ ಉಜ್ಜಿ ತುಂಡಾಗಿರಬಹುದು. ಮೇಲಿಂದ ಬಂಡೆ ಉರುಳಿರಬಹುದು. ಯಾರಿಗೆ ಗೊತ್ತು?"

"ತಾತನಿಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮನ್ನೆಲ್ಲ ಹಾಗೇ ನಂಬೋಕೆ ಬಿಟ್ಟ. ಎಫ್ರಯಿಮ್‌ನನ್ನ ಹೇಡಿ ಅಂತ ಅವನೆದುರಿಗೇ ಬೈದಿದೀನಿ ನಾನು. ಕೇಳ್ತಾ ಕೂತಿದ್ದ." ನಾರ್ಮನ್‌ಗೆ ತಾತನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಮೇಜಿನ ಮೇಲೆ ಮುಷ್ಟಿ ಊರಿದ. ಮತ್ತೆ ಹಾಳೆ ನೋಡಿದ. ಅಲ್ಲಿದ್ದುದು ತಾತನಲ್ಲ. ತನ್ನ ಮೊಮ್ಮಗನ ವಯಸ್ಸಿನ ಹುಡುಗ. ಸಿಟ್ಟು ಇಳಿದುಹೋಯಿತು.

"ನಾಳೆ ಕಲ್ಲಿನವನಿಗೆ ಏನು ಹೇಳ್ಲಿ? ಬೇಡ ಅಂದ್ಬಿಡ್ಲಾ?" ಎಂದು ಮೇವಿಸ್ ಕೇಳಿದಳು. ಹಟಮಾರಿಗೂ ಈಗ ಧೈರ್ಯ ಸಾಲದಾಗಿತ್ತು.

"ಎಫ್ರಯಿಮ್ ಹೆಸರು ಹಾಕಿಸು. ಕೆಳಗೆ ಕಸುಬೂ ಇರಲಿ, ಕ್ಲಿಮ್ಮರ್ ಅಂತ. ತಾತನ ಹೆಸರಿನ ಕೆಳಗೂ ಅದನ್ನೇ ಬರೆಸು."

"ಅವನು ಬೇಡ ಅಂದಿದ್ದನಲ್ಲೋ. ನೀನು ಮಾತು ಕೊಟ್ಟಿದೀಯ."

"ಬೇಡ ಅಂದದ್ದು ತಾತ ಅಲ್ಲ, ಅವನೊಳಗಿದ್ದ ಈ ಹತ್ತೊಂಬತ್ತರ ಹುಡುಗ ಕಣೇ," ಎಂದ ನಾರ್ಮನ್. "ನಂಗೀಗ ಎಂಬತ್ತು. ಅವನಿಗಿಂತ ದೊಡ್ಡವನು ನಾನು ಹೇಳ್ತಿದೀನಿ, ಬರೆಸು."