ಎತ್ತಿನ ಸೂಟಿ

ಬಮ್ಮಿಗಟ್ಟಿಯ ನಮ್ಮ ಹೊಲಕ್ಕೆ ಕಬ್ಬು ಕಡಿಯಲು ಮರಾಠಿ ಜನ ಬಂದು ಬಿಡಾರ ಹೂಡಿದ್ದರು. ಅವರಲ್ಲಿ ಸುನೀತಾ ಎಂಬ ತುಂಬು ಬಸುರಿ. ಗಂಡ ಕಡಿದದ್ದನ್ನು ಈಕೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಹಾಕಬೇಕು. ಅವರಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಅಂದರೆ ಒಂದೇ ಕುಡಗೋಲಿನ ಲೆಕ್ಕ. ಒಬ್ಬರು ಕೂತರೆ ಇಬ್ಬರಿಗೂ ಕೂಲಿ ಇಲ್ಲ.

ರವಿವಾರ ಮಜ್ಜಿಗೆ ಕೊಡಲು ಹೋದ ನನ್ನ ಹೆಂಡತಿ ಗೌರಕ್ಕ ಬೈಯುತ್ತಲೇ ಮನೆಗೆ ಬಂದಳು.

“ಆ ಹುಡುಗಿ ಕಾಲು ನೋಡೀರೇನು? ಬಾತು ಕುಂಬಳಕಾಯಿ ಆಗ್ಯಾವು. ತಲಿ ಸಿಡೀತೈತಿ, ಕಣ್ಣು ಮಂಜು ಅಂತಾಳ. ಸುಮ್ನ ಕುಂತೀರಲ್ಲ!”

ಅವಳನ್ನು ದವಾಖಾನೆಗೆ ಯಾಕೆ ತೋರಿಸಿಲ್ಲ ಎಂದು ಹೋಗಿ ಮುಕಾದಮ ಮಾಳಿಂಗರಾಯನನ್ನು ಕೇಳಿದೆ. ಆಳುಗಳನ್ನು ಕರೆತಂದವನು ಅವನೇ.

“ದವಾಖಾನಿ ತಗಿಯೂದ ಹತ್ತಕ್ಕ, ಕಾಕಾ. ಇವರು ನಸುಕಿನ್ಯಾಗ ಹೊಲಾ ಹೊಕ್ಕರ ಹೊತ್ತು ಮುಳುಗಿದಮ್ಯಾಗ ಬರ್ತಾರು. ಊರಿಗೆ ಹೋಗಿ ತೋರಿಸ್ತಾಳ ತಗೋರಿ.”

“ಊರಿಗೆ ಯಾವಾಗ?”

“ಹಂಗಾಮು ಮುಗದಮ್ಯಾಗ.”

“ಲೇ, ಕೂಸು ನಿನ್ನ ಹಂಗಾಮು ಕಾಯತೈತೇನು?”

ದವಾಖಾನೆಗೆ ಕರೆದೊಯ್ಯಲು ಸುನೀತಾಳ ಗಂಡನಿಗೆ ಹೇಳಿದೆ. ಅವನು ಮುಕಾದಮನ ಮುಖ ನೋಡಿದ. ಸುನೀತಾ ಗಂಡನ ಮುಖ ನೋಡಿದಳು. ಯಾರೊಂದಿಗೆ ತಲೆ ಚಚ್ಚಿಕೊಳ್ಳಲಿ?

ಮರುದಿನ ಸೋಮವಾರ ಎಂಬುದು ಆಗ ಹೊಳೆಯಿತು. ಸೋಮವಾರ ಬಸವಣ್ಣನ ದಿನ. ಎತ್ತಿಗೆ ರಜೆ, ಅದರ ಹೆಗಲಿಗೆ ನಾವು ನೊಗ ಇಡುವುದಿಲ್ಲ. ನನಗಂತೂ ಅಂದು ಒಪ್ಪತ್ತು, ರಾತ್ರಿ ಊಟವಿಲ್ಲ.

“ನಾಳೆ ನನ್ನ ಹೊಲಕ್ಕ ಯಾರೂ ಕಾಲಿಡಂಗಿಲ್ಲ,” ಎಂದೆ.

“ಅದು ಎತ್ತಿಗೆ, ಕಾಕಾ! ಇವರೇನು ಎತ್ತೇನ್ರಿ?”

“ಎತ್ತಿಗೆ ಸೂಟಿ ಐತಿ, ಬಸುರಿಗೆ ಇಲ್ಲಂದ್ರ ಬಸವಣ್ಣ ಮೊದಲ ನನ್ನ ಹಾಯತಾನು.”

ಸೋಮವಾರ ನಾನು, ಗೌರಕ್ಕ ಆ ಗಂಡ ಹೆಂಡತಿ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೋದೆವು. ಸಿಸ್ಟರ್ ತಲೆ ಎತ್ತದೆ, “ತಾಯಿ ಕಾರ್ಡ್ ಎಲ್ಲೈತಿ?” ಎಂದರು.

“ಕಾರ್ಡ್ ಅಕಿ ಊರಾಗೈತ್ರಿ. ಹೊಟ್ಟಿ ಇಲ್ಲೇ ಐತಿ, ಅದನ್ನ ನೋಡ್ರಿ,” ಎಂದಳು ಗೌರಕ್ಕ.

ಬಿಪಿ ನೋಡಿದ್ದೇ ಸಿಸ್ಟರ್, “ಭಾಳ ಏರೈತಿ,” ಎನ್ನುತ್ತ ಆಂಬುಲೆನ್ಸಿಗೆ ಫೋನ್ ಹಚ್ಚಿದರು. ಗಂಡ ಹೆಂಡತಿ ಇಬ್ಬರನ್ನೂ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು.

ಸಂಜೆ ಮಾಳಿಂಗರಾಯ ನಮ್ಮ ಅಂಗಳದಲ್ಲಿ ನಿಂತಿದ್ದ. “ಅವರನ್ನ ಬಿಡಿಸಿ ಬ್ಯಾರೆ ಜೋಡಿ ತರಸ್ತೀನಿ. ನಾಳೆ ಕಡಿಯೂಣಲ್ರಿ?”

“ಅಕಿ ಸುದ್ದಿ ಬರೂತನಕ ನನ್ನ ಹೊಲದಾಗ ದಿನಾ ಸೋಮವಾರನ. ಅವರ ಜಾಗಾದಾಗ ಬ್ಯಾರೆಯವರು ಬಂದ್ರ ವರ್ಷಪೂರ್ತಿ ಸೋಮವಾರ.”

“ಕಬ್ಬು ಒಣಗತೈತಿ, ಕಾಕಾ!”

“ಒಣಗಲಿ.”

ಒಳಗಿನಿಂದ ಗೌರಕ್ಕನ ದನಿ ಬಂತು: “ಹಂಗಾರ ದಿನಾ ಒಪ್ಪತ್ತು! ರಾತ್ರಿ ರೊಟ್ಟಿ ಕೇಳಬ್ಯಾಡ್ರಿ ಮತ್ತ.”

ಆಡಿದ ಮಾತು, ನುಂಗುವಂತಿಲ್ಲ. ಮೂರು ರಾತ್ರಿ ಹಸಿದುಕೊಂಡೇ ಮಲಗಿದೆ.

ಗುರುವಾರ ಸಂಜೆ ಸುನೀತಾಳ ಗಂಡ ಫೋನ್ ಮಾಡಿದ. ಹೆಣ್ಣು ಕೂಸು. ತಾಯಿಯೂ ಉಳಿದಳು. ನಾನು ಕೇಳುವ ಮೊದಲೇ ಒಳಗೆ ಗೌರಕ್ಕ ರೊಟ್ಟಿ ಬಡಿಯುವ ಸಪ್ಪಳ ಕೇಳಿತು.