ಡೂಗಲನ ಬಾಯಿಗೆ ಬಿದ್ದ ಕ್ಷೇತ್ರ

ಗ್ಲೆನ್‌ಕರನ್‌ನಷ್ಟು ದೊಡ್ಡ ಮತಕ್ಷೇತ್ರ ನ್ಯೂಜಿಲೆಂಡಿನಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಒಂದು ತುದಿಯಲ್ಲಿ ಅಜ್ಜ ಸೀನಿದರೆ, ಆ ಸದ್ದು ಇನ್ನೊಂದು ತುದಿಯ ಮೊಮ್ಮಗನಿಗೆ ಮುಟ್ಟುವಷ್ಟರಲ್ಲಿ ಅವನಿಗೇ ಮೀಸೆ ಬಂದಿರುತ್ತಿತ್ತು. ಕುರಿಗಳು ಆಕಾಶದ ನಕ್ಷತ್ರಗಳಿಗಿಂತ ಹೆಚ್ಚು. ಮತದಾರರು ಮಾತ್ರ ಉಣ್ಣೆಯ ಕೊಟ್ಟಿಗೆಯೊಂದರಲ್ಲಿ ಕಾಲು ಚಾಚಿ ಕೂರುವಷ್ಟು.

ಆಗೆಲ್ಲ ಮತ ಹಾಕಲು ಚೀಟಿ ಗೀಟಿ ಇರಲಿಲ್ಲ. ಅಧಿಕಾರಿಯ ಮೇಜಿನ ಮುಂದೆ ನಿಂತು, ಊರೆಲ್ಲ ಕೇಳುವಂತೆ ಹೆಸರು ಕೂಗಬೇಕು. ಇಲ್ಲಿಯೇ ಡೂಗಲ್ ಪೆಟಿಗ್ರೂನ ಗೋಳು. ಅವನು ಯಾರ ಹೆಸರು ಕೂಗಿದರೂ ಅವರು ಸೋಲುತ್ತಿದ್ದರು. ಒಂದು ಸಲವೂ ತಪ್ಪದೆ! ಅವನ ಬಾಯಿಗೆ ಹೆದರಿ ಅಭ್ಯರ್ಥಿಗಳು, ಅವನು ಎದುರಾದರೆ ಕುದುರೆಯನ್ನೇ ತಿರುಗಿಸುತ್ತಿದ್ದರು.

ಕ್ಷೇತ್ರದ ಹಳೆಯ ಸಂಸತ್ ಸದಸ್ಯ ಬೇಸತ್ತು ರಾಜೀನಾಮೆ ಕೊಟ್ಟಾಗ ಇಬ್ಬರು ನಿಂತರು. ಒಬ್ಬ, ಅರ್ಧ ಬೆಟ್ಟಸಾಲು ತನ್ನದೇ ಎನ್ನುವ ಕುರಿಧಣಿ ಥ್ರಿಪ್. ಇನ್ನೊಬ್ಬ, ನದಿಯ ದೋಣಿ ನಡೆಸುವ ವಾಟ್ ಗಿಲ್‌ರಾಯ್. ಇವನು ಡೂಗಲನ ಜೊತೆ ಒಂದೇ ಹಡಗಿನಲ್ಲಿ ಸ್ಕಾಟ್ಲೆಂಡಿನಿಂದ ಬಂದ ಜೀವದ ಗೆಳೆಯ.

ಥ್ರಿಪ್ ಡೂಗಲನ ಮನೆಗೆ ಒಂದು ಇಡೀ ಕುರಿತೊಡೆ ಕಳಿಸಿದ. ಜೊತೆಗೆ ಬಂದ ಆಳು ಹೇಳಿದ: "ಧಣಿ ಹೇಳವ್ರೆ, ನೀವು ದಯವಿಟ್ಟು ಗಿಲ್‌ರಾಯ್‌ಗೇ ಕೂಗ್ಬೇಕಂತೆ."

ಮಾಂಸ ಬೇಯುತ್ತಿರುವಾಗಲೇ ವಾಟ್ ಬಂದ. "ಲೋ ಡೂಗಲ್, ನಿನ್ ಕಾಲಿಗೆ ಬೀಳ್ತೀನಿ ಕಣೋ. ನನ್ನ ಹೆಸರು ಮಾತ್ರ ಎತ್ಬೇಡ. ಆ ಥ್ರಿಪ್‌ಗೆ ಕೂಗಿಬಿಡು."

"ನಿನ್ನ ಬಿಟ್ಟು ಅವನಿಗಾ? ನಾಲಿಗೆ ಬಿದ್ದುಹೋಗುತ್ತೆ."

"ಬಿದ್ರೆ ಇನ್ನೂ ಒಳ್ಳೇದು!" ಎಂದಳು ಡೂಗಲನ ಹೆಂಡತಿ ಎಫೀ, ಸೌಟು ಝಾಡಿಸುತ್ತ. "ಅಲ್ಲಾರೀ, ಮನೇಲೇ ಕೂತ್ಕೊಳ್ಳಿ. ಆವತ್ತು ನಿಮಗೆ ಸೊಂಟ ಹಿಡ್ಕೊಂಡಿದೆ ಅಂದ್ಕೊಳ್ಳಿ."

ಡೂಗಲನಿಗೆ ಊಟ ರುಚಿಸಲಿಲ್ಲ. ಬರೀ ಮುಕ್ಕಾಲು ತೊಡೆ ತಿಂದ. ಸಾಯುವ ಮುನ್ನ ಒಮ್ಮೆಯಾದರೂ ತನ್ನ ಮತ ಗೆಲ್ಲಬೇಕು, ಅದೂ ವಾಟ್‌ನಿಗಾಗಿ. ಆದರೆ ತನ್ನ ಬಾಯಿಂದಲೇ ಗೆಳೆಯ ಮುಳುಗಿದರೆ?

ಮತದಾನದ ದಿನ ಅವನು ಮನೆಯಲ್ಲಿ ಕೂತೇ ಇದ್ದ. ಸಂಜೆ ಹತ್ತಿರವಾಗುವಾಗ ಸುದ್ದಿ ಬಂತು: ಎರಡೂ ಕಡೆ ಸಮ, ಕೂಗಲು ಉಳಿದವನು ಡೂಗಲ್ ಒಬ್ಬನೇ. ಅವನು ಓಡಿದ ಓಟಕ್ಕೆ ದಾರಿಯ ಹುಲ್ಲು ಇವತ್ತಿಗೂ ನೆಟ್ಟಗಾಗಿಲ್ಲ.

ಮೇಜಿನ ಮುಂದೆ ನಿಂತ. ಥ್ರಿಪ್ ನಗುತ್ತ ಮೀಸೆ ತಿರುವಿದ. ವಾಟ್ ದೂರದಿಂದಲೇ ಕೈಮುಗಿದು, ಬೇಡ ಬೇಡವೆಂದು ತಲೆಯಾಡಿಸಿದ.

"ವಾಟ್ ಗಿಲ್‌ರಾಯ್!" ಎಂದು ಡೂಗಲ್ ಕೂಗಿದ. ಬೆಟ್ಟದ ಹಿಮ ಜಾರಿತು, ಮೂರು ಕುರಿಗಳು ಅಲ್ಲಿಯೇ ಮರಿ ಹಾಕಿದವು.

ವಾಟ್ ಗೆದ್ದ! ಒಂದೇ ಒಂದು ಮತದಿಂದ. ಅವನನ್ನು ಹೆಗಲ ಮೇಲೆ ಹೊತ್ತು ಊರು ಕುಣಿಯಿತು.

ಆದರೆ ವಾಟ್ ರಾಜಧಾನಿ ವೆಲಿಂಗ್ಟನ್ ತಲುಪಿ, ಹಡಗಿನ ತಲೆಸುತ್ತು ಇಳಿಯುವಷ್ಟರಲ್ಲಿ ಸಂಸತ್ತು ಹೊಸ ಕಾನೂನು ಮಾಡಿತ್ತು. ಮುಂದಿನ ಚುನಾವಣೆಗೆ ಗ್ಲೆನ್‌ಕರನ್ ಕ್ಷೇತ್ರವೇ ಇಲ್ಲ. ಅದನ್ನು ಹರಿದು ಅಕ್ಕಪಕ್ಕದವಕ್ಕೆ ಹಂಚಿದ್ದರು. ಅವಧಿ ಮುಗಿಸಿಕೊಂಡು ವಾಟ್ ಮತ್ತೆ ದೋಣಿಗೆ ಮರಳಿದ.

ಡೂಗಲ್ ದೋಣಿ ಹತ್ತಲು ಬಂದಾಗ ಥ್ರಿಪ್ ದಡದಲ್ಲಿ ಕಾದು ನಿಂತಿದ್ದ. "ಏನಯ್ಯಾ ಡೂಗಲ್, ಇಷ್ಟು ದಿನ ಅಭ್ಯರ್ಥಿಗಳನ್ನ ನುಂಗ್ತಿದ್ದೆ. ಈ ಸಲ ಕ್ಷೇತ್ರನೇ ನುಂಗ್ಬಿಟ್ಯಲ್ಲ!"

ಡೂಗಲ್ ಪೈಪಿಗೆ ಹೊಗೆಸೊಪ್ಪು ತುಂಬುತ್ತ ನಿಧಾನವಾಗಿ ನಕ್ಕ. "ಹೌದು ಧಣಿ. ಇನ್ನು ಗ್ಲೆನ್‌ಕರನ್‌ನಲ್ಲಿ ನನ್ನ ವಾಟ್‌ನ ಸೋಲಿಸೋಕೆ ನಿಮ್ಮಪ್ಪನ ಕೈಲೂ ಆಗಲ್ಲ."

ವಾಟ್ ಹುಟ್ಟು ಎತ್ತಿಕೊಂಡ. "ಹತ್ತೋ," ಎಂದ ಗೆಳೆಯನಿಗೆ, "ಸದಸ್ಯರೇ ನದಿ ದಾಟಿಸ್ತಾರೆ."